ಮಿಸ್ಸಿಸ್ಸಿಪ್ಪಿಯ ಕುರ್ಚಿಗಳು

ನಮ್ಮಲ್ಲಿ ವಿಧಾನಸಭೆ ಚುನಾವಣೆ ಬಂತು ಅಂದರೆ ನಾಮಪತ್ರದ ಕೊನೆಯ ದಿನದವರೆಗೂ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಬಿ ಫಾರಂ ಯಾರಿಗೆ? ಐದು ವರ್ಷ ಕ್ಷೇತ್ರದಲ್ಲಿ ಓಡಾಡಿದವರು ಒಬ್ಬರು, ಹೈಕಮಾಂಡ್ ಹತ್ತಿರ ಹೋಗಿ ಬಿ ಫಾರಂ ತಂದವರು ಇನ್ನೊಬ್ಬರು. ಕಾರ್ಯಕರ್ತರು ಪಕ್ಷದ ಕಚೇರಿ ಮುಂದೆ ಕೂಗಾಡುತ್ತಾರೆ. ಆದರೆ ಆ ಕಾಗದ ಯಾರ ಕೈಯಲ್ಲಿದೆಯೋ ಅವರೇ ಅಭ್ಯರ್ಥಿ. ಇದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಅಮೆರಿಕದಲ್ಲಿ ಈ ಗೋಳಿಲ್ಲ, ಅಲ್ಲಿ ಪಕ್ಷದ ಅಭ್ಯರ್ಥಿಯನ್ನೂ ಜನರೇ ಆರಿಸುತ್ತಾರೆ, ಅದಕ್ಕೆ ಪ್ರೈಮರಿ ಅಂತ ಬೇರೆ ಚುನಾವಣೆಯೇ ನಡೆಯುತ್ತೆ ಅಂತ ಕೇಳಿರುತ್ತೇವೆ. ಆ ಮಾತಿನಲ್ಲಿ ಅರ್ಧ ನಿಜ ಇದೆ. ಇನ್ನರ್ಧದ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲು ಲೆಕ್ಕ ಹೇಗೆ ಅಂತ ನೋಡೋಣ. ಪ್ರೈಮರಿಯಲ್ಲಿ ಒಬ್ಬ ಮತದಾರ ಒತ್ತುವುದು ಅಭ್ಯರ್ಥಿಯ ಹೆಸರನ್ನೇ. ಆದರೆ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಕೊನೆಗೆ ಆರಿಸುವುದು ಪಕ್ಷದ ರಾಷ್ಟ್ರೀಯ ಸಮಾವೇಶ. ಅದು ನಾಲ್ಕು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಯಾವುದೋ ಒಂದು ಊರಲ್ಲಿ ಸೇರುತ್ತೆ. ಅಲ್ಲಿಗೆ ಪ್ರತಿ ರಾಜ್ಯದಿಂದ ಡೆಲಿಗೇಟ್‌ಗಳು, ಅಂದರೆ ಪ್ರತಿನಿಧಿಗಳು ಬರುತ್ತಾರೆ. ಪ್ರೈಮರಿಯಲ್ಲಿ ಬಿದ್ದ ಓಟುಗಳು ಪ್ರತಿನಿಧಿಗಳಾಗಿ ಬದಲಾಗಬೇಕು. ಕೆಲವು ರಾಜ್ಯಗಳಲ್ಲಿ ಪ್ರೈಮರಿ ಬದಲು ಕಾಕಸ್ ಇರುತ್ತೆ. ಅಂದರೆ ಊರೂರಲ್ಲಿ ಶಾಲೆಯಲ್ಲೋ ಸಭಾಂಗಣದಲ್ಲೋ ಸೇರಿ, ಗುಂಪು ಗುಂಪಾಗಿ ನಿಂತು ಲೆಕ್ಕ ಹಾಕುವುದು.

ಓಟು ಪ್ರತಿನಿಧಿಯಾಗುವ ಈ ದಾರಿಯಲ್ಲಿ ಬಹಳ ತಿರುವುಗಳಿವೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರಾಕ್ ಒಬಾಮ ನಡುವೆ ಪೈಪೋಟಿ ಇತ್ತು. ನೆವಾಡಾ ಕಾಕಸ್‌ನಲ್ಲಿ ಜಾಸ್ತಿ ಬೆಂಬಲ ಸಿಕ್ಕಿದ್ದು ಕ್ಲಿಂಟನ್‌ಗೆ. ಆದರೆ ಪ್ರತಿನಿಧಿಗಳ ಲೆಕ್ಕ ಬಂದಾಗ ಒಬಾಮಗೆ 13, ಕ್ಲಿಂಟನ್‌ಗೆ 12. ಟೆಕ್ಸಸ್‌ನಲ್ಲಿ ಒಂದೇ ದಿನ ಹಗಲು ಪ್ರೈಮರಿ, ಸಂಜೆ ಕಾಕಸ್. ಪ್ರೈಮರಿ ಗೆದ್ದವರು ಕ್ಲಿಂಟನ್. ಎರಡೂ ಸೇರಿಸಿದಾಗ ಪ್ರತಿನಿಧಿಗಳು ಜಾಸ್ತಿ ಬಂದಿದ್ದು ಒಬಾಮಗೆ. ಇದರಲ್ಲಿ ಮೋಸ ಏನೂ ಇಲ್ಲ, ನಿಯಮ ಇದ್ದಿದ್ದೇ ಹಾಗೆ. ಆದರೆ ಗಮನಿಸಿ, ಓಟು ಎಣಿಸಿದ ಮೇಲೂ ಇನ್ನೊಂದು ಎಣಿಕೆ ಬಾಕಿ ಇರುತ್ತೆ.

ಆಮೇಲೆ ಇನ್ನೂ ಒಂದು ಬಾಗಿಲಿದೆ. ಸಮಾವೇಶದ ಬಾಗಿಲಲ್ಲಿ ನಿಂತು, ನೀನು ನಿಜವಾಗಿ ಆ ರಾಜ್ಯದ ಪ್ರತಿನಿಧಿಯೇ ಅಂತ ಕೇಳುವ ಒಂದು ಸಮಿತಿ. ಅದರ ಹೆಸರು ಕ್ರೆಡೆನ್ಷಿಯಲ್ಸ್ ಕಮಿಟಿ. ನಾವು ಅರ್ಹತಾ ಸಮಿತಿ ಅನ್ನೋಣ. ಒಂದೇ ರಾಜ್ಯದಿಂದ ಎರಡು ಗುಂಪು ಬಂದು, ನಾವೇ ನಿಜವಾದವರು ಅಂತ ಇಬ್ಬರೂ ಹೇಳಿದರೆ ತೀರ್ಪು ಕೊಡುವುದು ಈ ಸಮಿತಿ. ಸಮಿತಿ ಒಪ್ಪಿದವರಿಗೆ ಕುರ್ಚಿ. ಒಪ್ಪದಿದ್ದರೆ ಹೊರಗೆ. ಮೂವತ್ತು ವರ್ಷದಿಂದ ನಾನು ಈ ವಿಷಯ ಓದುತ್ತಾ ಬಂದಿದ್ದೇನೆ. ಅಭ್ಯರ್ಥಿಗಳ ಭಾಷಣಗಳಿಗಿಂತ ಈ ಬಾಗಿಲಲ್ಲಿ ನಡೆದ ಜಗಳಗಳೇ ಆ ದೇಶವನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದವು.

2008ರ ಕಥೆಯನ್ನೇ ಮುಂದುವರಿಸುತ್ತೇನೆ, ನಿಮ್ಮಲ್ಲಿ ಹಲವರಿಗೆ ಅದು ನೆನಪಿರಬಹುದು. ಆ ವರ್ಷ ಪಕ್ಷ ಒಂದು ನಿಯಮ ಮಾಡಿತ್ತು. ಅಯೋವಾ, ನ್ಯೂ ಹ್ಯಾಂಪ್‌ಶೈರ್, ನೆವಾಡಾ, ಸೌತ್ ಕೆರೊಲಿನಾ, ಈ ನಾಲ್ಕು ಬಿಟ್ಟು ಬೇರೆ ಯಾವ ರಾಜ್ಯವೂ ಫೆಬ್ರವರಿ 5ಕ್ಕಿಂತ ಮೊದಲು ಮತದಾನ ನಡೆಸಬಾರದು. ಮಿಷಿಗನ್ ಜನವರಿ 15ಕ್ಕೆ ದಿನ ಗೊತ್ತು ಮಾಡಿತು. ಫ್ಲೋರಿಡಾ ಜನವರಿ 29ಕ್ಕೆ. ಪಕ್ಷ ಎರಡೂ ರಾಜ್ಯಗಳ ಎಲ್ಲ ಪ್ರತಿನಿಧಿಗಳನ್ನೂ ರದ್ದು ಮಾಡಿತು. ಅಭ್ಯರ್ಥಿಗಳು ಅಲ್ಲಿ ಪ್ರಚಾರ ಮಾಡುವುದಿಲ್ಲ ಅಂತ ಬರೆದುಕೊಟ್ಟರು. ಮಿಷಿಗನ್‌ನಲ್ಲಿ ಒಬಾಮ, ಎಡ್ವರ್ಡ್ಸ್, ಬೈಡನ್, ರಿಚರ್ಡ್‌ಸನ್ ಮತಪತ್ರದಿಂದ ಹೆಸರನ್ನೇ ತೆಗೆಸಿದರು. ಕ್ಲಿಂಟನ್ ಹೆಸರು ಉಳಿಯಿತು.

ಆದರೂ ಜನ ಹೋಗಿ ಓಟು ಹಾಕಿದರು. ಇದು ಲೆಕ್ಕಕ್ಕಿಲ್ಲ ಅಂತ ಪತ್ರಿಕೆಗಳಲ್ಲಿ ಬಂದಿದ್ದರೂ ಫ್ಲೋರಿಡಾದಲ್ಲಿ 17 ಲಕ್ಷ ಡೆಮಾಕ್ರಟಿಕ್ ಓಟು ಬಿತ್ತು. ಮಿಷಿಗನ್‌ನಲ್ಲಿ ಕ್ಲಿಂಟನ್‌ಗೆ ಶೇಕಡ 55. ‘ಯಾರ ಪರವೂ ಅಲ್ಲ’ ಅನ್ನುವ ಗುರುತಿಗೆ ಶೇಕಡ 40. ಆ ನಲವತ್ತರಲ್ಲಿ ಒಬಾಮನನ್ನು ಬಯಸಿದವರೆಷ್ಟು, ಎಡ್ವರ್ಡ್ಸ್‌ನನ್ನು ಬಯಸಿದವರೆಷ್ಟು? ಮತಪತ್ರ ಅದನ್ನು ಹೇಳಲಾರದು. ಮಾರ್ಚ್ ಹೊತ್ತಿಗೆ ಪೈಪೋಟಿ ಬಹಳ ಬಿಗಿಯಾಯಿತು. ಮತ್ತೊಮ್ಮೆ ಮತದಾನ ಮಾಡಿಸೋಣ ಅನ್ನುವ ಮಾತು ಎರಡೂ ರಾಜ್ಯಗಳಲ್ಲಿ ಎದ್ದಿತು. ದುಡ್ಡು ಯಾರು ಕೊಡಬೇಕು, ಅಂಚೆಯಲ್ಲಿ ಮಾಡಬೇಕೋ ಮತಗಟ್ಟೆಯಲ್ಲೋ ಅನ್ನುವ ಜಗಳದಲ್ಲಿ ಅದು ನಿಂತುಹೋಯಿತು.

ಮೇ 31, ಶನಿವಾರ. ವಾಷಿಂಗ್ಟನ್‌ನ ಒಂದು ಹೋಟೆಲಿನಲ್ಲಿ ಪಕ್ಷದ ನಿಯಮಾವಳಿ ಸಮಿತಿ ಕೂತಿತು. ಇಡೀ ದಿನ ಟಿವಿಯಲ್ಲಿ ನೇರ ಪ್ರಸಾರ. ಹೊರಗೆ ಜನರ ಕೂಗು, ಒಳಗೆ ಸಭಿಕರ ಕೂಗು. ಸಂಜೆ ಬಂದ ತೀರ್ಪು ಹೀಗಿತ್ತು. ಎರಡೂ ರಾಜ್ಯಗಳ ಪ್ರತಿನಿಧಿಗಳೆಲ್ಲ ಬರಬಹುದು, ಆದರೆ ಒಬ್ಬೊಬ್ಬರದ್ದು ಅರ್ಧ ಓಟು. ಮಿಷಿಗನ್‌ನಲ್ಲಿ ಕ್ಲಿಂಟನ್‌ಗೆ 69, ಒಬಾಮಗೆ 59. ಮತಪತ್ರದ ಲೆಕ್ಕದ ಪ್ರಕಾರ ಹಂಚಿದ್ದರೆ ಕ್ಲಿಂಟನ್‌ಗೆ 73 ಬರಬೇಕಿತ್ತು. ಮತಪತ್ರದಲ್ಲಿ ಹೆಸರೇ ಇಲ್ಲದವರಿಗೆ 59 ಕೊಟ್ಟಿರಿ, ನಮ್ಮ ನಾಲ್ಕು ಕಿತ್ತುಕೊಂಡಿರಿ ಅಂತ ಕ್ಲಿಂಟನ್ ಕಡೆಯ ಹೆರಾಲ್ಡ್ ಇಕೀಸ್ ಸಿಟ್ಟಾದರು. ಅದೇ ಇಕೀಸ್ ಹಿಂದಿನ ವರ್ಷ ಅದೇ ಸಮಿತಿಯಲ್ಲಿ ಕೂತು ಫ್ಲೋರಿಡಾಗೆ ಪೂರ್ತಿ ಶಿಕ್ಷೆ ಕೊಡಬೇಕು ಅಂತ ಓಟು ಹಾಕಿದ್ದವರು. ಮಿಷಿಗನ್ ತೀರ್ಪಿಗೆ ಪರ 19, ವಿರೋಧ 8. ಸಭಿಕರಲ್ಲಿ ಹಲವರು ‘ಡೆನ್ವರ್, ಡೆನ್ವರ್’ ಅಂತ ಕೂಗಿದರು. ಸಮಾವೇಶ ಡೆನ್ವರ್‌ನಲ್ಲಿತ್ತು, ಜಗಳವನ್ನು ಅಲ್ಲಿಗೇ ಒಯ್ಯೋಣ ಅಂತ ಅರ್ಥ. ಆದರೆ ಮೂರೇ ದಿನದಲ್ಲಿ, ಜೂನ್ 3ಕ್ಕೆ, ಒಬಾಮ ಬೇಕಾದ ಸಂಖ್ಯೆ ದಾಟಿದರು. ಗೆದ್ದಾಗಿತ್ತಲ್ಲ, ಆಗಸ್ಟಿನಲ್ಲಿ ಎರಡೂ ರಾಜ್ಯಗಳಿಗೆ ಪೂರ್ತಿ ಓಟು ವಾಪಸ್ ಬಂತು.

ನನಗನ್ನಿಸುವುದನ್ನು ಹೇಳಿಬಿಡುತ್ತೇನೆ. ದಿನಾಂಕ ಬದಲಿಸಿದ್ದು ಶಾಸನಸಭೆ. ಫ್ಲೋರಿಡಾದಲ್ಲಂತೂ ಆ ಸಭೆಯಲ್ಲಿ ಬಹುಮತ ಇದ್ದಿದ್ದು ರಿಪಬ್ಲಿಕನ್ ಪಕ್ಷಕ್ಕೆ. ಶಿಕ್ಷೆ ಬಿದ್ದಿದ್ದು ಸಾಲಿನಲ್ಲಿ ನಿಂತ ಮತದಾರರ ಮೇಲೆ. ಅದು ತಪ್ಪು. ಹಾಗಂತ ಒಬ್ಬರ ಹೆಸರೇ ಇಲ್ಲದ ಮತಪತ್ರವನ್ನು ಪೂರ್ತಿ ಚುನಾವಣೆ ಅಂತ ಎಣಿಸುವುದೂ ತಪ್ಪು. ಮತ್ತೆ ಮತದಾನ ಮಾಡಿಸುವುದೊಂದೇ ಸರಿಯಾದ ದಾರಿ ಆಗಿತ್ತು. ಅದು ಆಗಲೇ ಇಲ್ಲ. ಅಂಥ ಸಭೆಗಳಲ್ಲಿ ಯಾರ ತತ್ವ ಏನು ಅಂತ ಕೇಳುವ ಮೊದಲು ಯಾರಿಗೆ ಎಷ್ಟು ಪ್ರತಿನಿಧಿಗಳು ಬೇಕಿತ್ತು ಅಂತ ನೋಡಿ. ತತ್ವ ಎಲ್ಲಿಂದ ಹುಟ್ಟಿತು ಅಂತ ಗೊತ್ತಾಗುತ್ತೆ.

ಇನ್ನು ಅಭ್ಯರ್ಥಿಯ ಅರ್ಹತೆಯ ಜಗಳಗಳು. ಇವು ಬೇರೆ ಜಾತಿಯವು, ಬೇಗ ಹೇಳಿ ಮುಗಿಸುತ್ತೇನೆ. ಸಂವಿಧಾನ ಮುಖ್ಯವಾಗಿ ಕೇಳುವುದು ಮೂರು. ಹುಟ್ಟಿನಿಂದ ಪ್ರಜೆ ಆಗಿರಬೇಕು, 35 ವರ್ಷ ಆಗಿರಬೇಕು, ದೇಶದಲ್ಲಿ 14 ವರ್ಷ ವಾಸ ಇರಬೇಕು. 2008ರ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಹುಟ್ಟಿದ್ದು ಪನಾಮಾ ಕಾಲುವೆ ಪ್ರದೇಶದ ನೌಕಾನೆಲೆಯಲ್ಲಿ, 1936ರಲ್ಲಿ. ಅವರು ಅರ್ಹರೇ ಅಂತ ಪ್ರಶ್ನೆ ಬಂದಾಗ 2008ರ ಏಪ್ರಿಲ್‌ನಲ್ಲಿ ಸೆನೆಟ್ ಒಂದು ನಿರ್ಣಯ ಮಾಡಿ ಹೌದು ಅಂದಿತು. ಅದಕ್ಕೆ ಕ್ಲಿಂಟನ್, ಒಬಾಮ ಇಬ್ಬರೂ ಸಹಿ ಹಾಕಿದ್ದರು. ದಂಗೆಯಲ್ಲಿ ಸೇರಿದವರು ಹುದ್ದೆಗೆ ಅನರ್ಹರು ಅನ್ನುವ ಸಂವಿಧಾನದ ಇನ್ನೊಂದು ಮಾತನ್ನು ಹಿಡಿದು 2023ರ ಡಿಸೆಂಬರ್‌ನಲ್ಲಿ ಕೊಲೊರಾಡೊದ ಸುಪ್ರೀಂ ಕೋರ್ಟ್ ಡೊನಾಲ್ಡ್ ಟ್ರಂಪ್ ಹೆಸರನ್ನು ಪ್ರೈಮರಿ ಮತಪತ್ರದಿಂದ ತೆಗೆಯಬೇಕು ಅಂತ 4-3ರಲ್ಲಿ ಹೇಳಿತು. 2024ರ ಮಾರ್ಚ್ 4ರಂದು ದೇಶದ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಮಾರನೇ ದಿನವೇ ಅಲ್ಲಿ ಮತದಾನ.

ಇವು ದೊಡ್ಡ ಸುದ್ದಿ ಆದವು. ಆದರೆ ನಿಜವಾಗಿ ಅಭ್ಯರ್ಥಿಗಳನ್ನು ಬೀಳಿಸುವುದು ಸಹಿಗಳು. 2012ರ ವರ್ಜೀನಿಯಾ ರಿಪಬ್ಲಿಕನ್ ಪ್ರೈಮರಿಗೆ 10,000 ಮತದಾರರ ಸಹಿ ಬೇಕಿತ್ತು. ಅದೂ ರಾಜ್ಯದ 11 ಕ್ಷೇತ್ರಗಳಲ್ಲಿ ಪ್ರತಿಯೊಂದರಿಂದ ಕನಿಷ್ಠ 400. ನ್ಯೂಟ್ ಗಿಂಗ್ರಿಚ್ ಆ ರಾಜ್ಯದಲ್ಲೇ ಮನೆ ಮಾಡಿಕೊಂಡಿದ್ದವರು. ಅವರೂ ಟೆಕ್ಸಸ್ ಗವರ್ನರ್ ರಿಕ್ ಪೆರಿಯೂ ಸಾಕಷ್ಟು ಸರಿಯಾದ ಸಹಿ ಕೊಡಲಾರದೆ ಹೊರಗುಳಿದರು. ಮತದಾರರ ಮುಂದೆ ಉಳಿದದ್ದು ಎರಡೇ ಹೆಸರು, ಮಿಟ್ ರಾಮ್ನಿ ಮತ್ತು ರಾನ್ ಪಾಲ್. ಇಲ್ಲೊಂದು ನಮ್ಮ ಕಡೆಯ ನಂಟೂ ಇದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಈಗ ಡೆಟ್ರಾಯಿಟ್‌ನಿಂದ ಅಮೆರಿಕದ ಸಂಸತ್ ಸದಸ್ಯರು. 2024ರ ಪ್ರೈಮರಿಯಲ್ಲಿ ಅವರ ಎದುರು ನಿಂತಿದ್ದ ಒಬ್ಬ ಪ್ರಮುಖ ಪ್ರತಿಸ್ಪರ್ಧಿ, ಬೇಕಾಗಿದ್ದ 1,000 ಸರಿಯಾದ ಸಹಿ ಇಲ್ಲದೆ ಮತಪತ್ರದಿಂದಲೇ ಹೊರಬಿದ್ದರು. ಅದು ಅಧ್ಯಕ್ಷ ಚುನಾವಣೆ ಅಲ್ಲ, ಆದರೆ ಬಾಗಿಲು ಅದೇ ಥರದ್ದು.

ಈಗ ಒಂದು ತಂದೆ-ಮಗನ ಕಥೆ ಹೇಳಬೇಕು. 1912. ಅಧ್ಯಕ್ಷರಾಗಿದ್ದವರು ರಿಪಬ್ಲಿಕನ್ ಪಕ್ಷದ ವಿಲಿಯಂ ಹೊವಾರ್ಡ್ ಟಾಫ್ಟ್. ಅವರನ್ನು ಆ ಕುರ್ಚಿಗೆ ತಂದ ಗೆಳೆಯ, ಹಿಂದಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್, ಈಗ ಅವರ ವಿರುದ್ಧವೇ ನಿಂತರು. ಅಧ್ಯಕ್ಷ ಪದವಿಗೆ ಹಲವು ರಾಜ್ಯಗಳಲ್ಲಿ ಪ್ರೈಮರಿ ನಡೆದದ್ದು ಆ ವರ್ಷವೇ ಮೊದಲು. ರೂಸ್‌ವೆಲ್ಟ್ ಪ್ರೈಮರಿಗಳನ್ನು ಒಂದರ ಮೇಲೊಂದು ಗೆದ್ದರು. ಟಾಫ್ಟ್ ಅವರ ಸ್ವಂತ ರಾಜ್ಯ ಓಹಾಯೊದಲ್ಲೂ ಗೆದ್ದರು. ಆದರೆ ಪಕ್ಷದ ಸಮಿತಿ ಟಾಫ್ಟ್ ಕೈಯಲ್ಲಿತ್ತು. ದಕ್ಷಿಣದ ರಾಜ್ಯಗಳಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಮತದಾರರೇ ಕಡಿಮೆ. ಅಲ್ಲಿಂದ ಬರುತ್ತಿದ್ದ ಪ್ರತಿನಿಧಿಗಳಲ್ಲಿ ಜಾಸ್ತಿ ಜನ ಅಂಚೆ ಇಲಾಖೆಯಂಥ ಸರ್ಕಾರಿ ಹುದ್ದೆಗಳಿಗಾಗಿ ಅಧ್ಯಕ್ಷರ ಕೈ ನೋಡುವವರು.

ಷಿಕಾಗೋ ಸಮಾವೇಶಕ್ಕೆ ಬಂದಾಗ 254 ಕುರ್ಚಿಗಳ ಮೇಲೆ ತಕರಾರು. ಸಮಿತಿ ತೀರ್ಪು ಕೊಟ್ಟಿತು. ಟಾಫ್ಟ್‌ಗೆ 235, ರೂಸ್‌ವೆಲ್ಟ್‌ಗೆ 19. ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ಕೇಳಿ. ತಕರಾರಿರುವ ಪ್ರತಿನಿಧಿ ತನ್ನ ಕುರ್ಚಿಯ ಬಗ್ಗೆ ತಾನೇ ಓಟು ಹಾಕುವಂತಿಲ್ಲ. ಆದರೆ ಪಕ್ಕದ ತಕರಾರಿನ ಬಗ್ಗೆ ಹಾಕಬಹುದು ಅಂತ ಸಭೆಯ ಅಧ್ಯಕ್ಷ ಎಲಿಹು ರೂಟ್ ಹೇಳಿದರು. ಅಂದರೆ ನಿನ್ನ ಕುರ್ಚಿಯನ್ನು ನಾನು ಉಳಿಸುತ್ತೇನೆ, ನನ್ನದನ್ನು ನೀನು ಉಳಿಸು. ಗೆಲ್ಲಲು 540 ಬೇಕಿತ್ತು. ಟಾಫ್ಟ್‌ಗೆ ಬಂದದ್ದು 561. ರೂಸ್‌ವೆಲ್ಟ್ ಕಡೆಯ 344 ಜನ ಓಟು ಹಾಕದೆ ಸುಮ್ನೆ ಕೂತರು. ರೂಸ್‌ವೆಲ್ಟ್ ಹೊರಗೆ ಹೋಗಿ ಬೇರೆ ಪಕ್ಷ ಕಟ್ಟಿದರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ ಗೆದ್ದರು. ಅಧ್ಯಕ್ಷರನ್ನು ಕೊನೆಗೆ ಆರಿಸುವ, ರಾಜ್ಯವಾರು ಎಣಿಸುವ ಎಲೆಕ್ಟೋರಲ್ ಓಟುಗಳಲ್ಲಿ ಅಧಿಕಾರದಲ್ಲಿದ್ದ ಟಾಫ್ಟ್‌ಗೆ ಸಿಕ್ಕಿದ್ದು ಬರೀ 8.

ನಲವತ್ತು ವರ್ಷ ಕಳೆಯಿತು. 1952, ಮತ್ತೆ ಷಿಕಾಗೋ, ಮತ್ತೆ ರಿಪಬ್ಲಿಕನ್ ಸಮಾವೇಶ. ಈಗ ಮುಂಚೂಣಿಯಲ್ಲಿದ್ದವರು ಅದೇ ಟಾಫ್ಟ್‌ರ ಮಗ, ಸೆನೆಟರ್ ರಾಬರ್ಟ್ ಟಾಫ್ಟ್. ಎದುರಿಗೆ ಯುದ್ಧ ಗೆದ್ದುಬಂದ ಜನರಲ್ ಐಸೆನ್‌ಹೋವರ್. ಟೆಕ್ಸಸ್, ಜಾರ್ಜಿಯಾ, ಲೂಸಿಯಾನಾದಿಂದ ಎರಡೆರಡು ಗುಂಪುಗಳು ಬಂದವು. ಟೆಕ್ಸಸ್‌ನ ಊರೂರ ಸಭೆಗಳಿಗೆ ಐಸೆನ್‌ಹೋವರ್ ಪರವಾಗಿ ಜನ ನುಗ್ಗಿ ಬಂದಿದ್ದರು. ಇವರು ನಿಜವಾದ ರಿಪಬ್ಲಿಕನ್ನರಲ್ಲ, ನಿನ್ನೆವರೆಗೆ ಡೆಮಾಕ್ರಾಟ್ ಆಗಿದ್ದವರು ಅಂತ ಟಾಫ್ಟ್ ಕಡೆಯವರ ದೂರು. ಐಸೆನ್‌ಹೋವರ್ ಕಡೆಯವರು ಟೆಕ್ಸಸ್ ಮಾತು ಬಿಟ್ಟು ನಿಯಮವನ್ನೇ ಹಿಡಿದರು. ತಕರಾರಿರುವವರು ಯಾರ ತಕರಾರಿನ ಮೇಲೂ ಓಟು ಹಾಕಬಾರದು ಅಂತ ‘ಫೇರ್ ಪ್ಲೇ’ ತಿದ್ದುಪಡಿ ತಂದರು. 658ಕ್ಕೆ 548ರಂತೆ ಅದು ಗೆದ್ದಿತು. ತಂದೆಗೆ ಅಧ್ಯಕ್ಷ ಅಭ್ಯರ್ಥಿ ಸ್ಥಾನ ಉಳಿಸಿಕೊಟ್ಟ ದಾರಿಯೇ ಮಗನಿಗೆ ಮುಚ್ಚಿತು. ಮೊದಲ ಸುತ್ತಿನಲ್ಲಿ ಐಸೆನ್‌ಹೋವರ್‌ಗೆ 595, ಟಾಫ್ಟ್‌ಗೆ 500. ಬೇಕಾಗಿದ್ದು 604. ಮಿನ್ನೆಸೋಟಾ ಅಲ್ಲೇ ಎದ್ದು ತನ್ನ ಓಟು ಬದಲಿಸಿತು, ಆಟ ಮುಗಿಯಿತು.

ಇಲ್ಲಿವರೆಗೆ ಹೇಳಿದ್ದೆಲ್ಲ ದೊಡ್ಡವರ ಜಗಳ. ಇಬ್ಬರು ಬಲಶಾಲಿಗಳು, ಇಬ್ಬರಿಗೂ ವಕೀಲರು, ಇಬ್ಬರಿಗೂ ಪತ್ರಿಕೆಗಳು. ಈಗ ಹೇಳುವುದು ಅಂಥದ್ದಲ್ಲ. ಇದಕ್ಕೋಸ್ಕರವೇ ನಾನು ಇವತ್ತು ಬಂದಿದ್ದು.

ಅಮೆರಿಕದ ಮೂಲ ಸಂವಿಧಾನದಲ್ಲಿ ರಾಜಕೀಯ ಪಕ್ಷದ ಮಾತೇ ಇಲ್ಲ. ಪ್ರೈಮರಿ ಇಲ್ಲ, ಪಕ್ಷದ ಪ್ರತಿನಿಧಿ ಇಲ್ಲ, ಪಕ್ಷದ ಸಮಾವೇಶವೂ ಇಲ್ಲ. ಪಕ್ಷ ಒಂದು ಖಾಸಗಿ ಸಂಘ, ಯಾರನ್ನು ಸೇರಿಸಬೇಕು ಅನ್ನುವುದು ಅದರ ಇಷ್ಟ ಅಂತ ಬಹಳ ಕಾಲ ನಡೆದುಕೊಂಡು ಬಂತು. ಟೆಕ್ಸಸ್‌ನ ಡೆಮಾಕ್ರಟಿಕ್ ಪಕ್ಷ ಇದೇ ಮಾತು ಹೇಳಿ ಕಪ್ಪುಜನರನ್ನು ಪ್ರೈಮರಿಯಿಂದ ಹೊರಗಿಟ್ಟಿತ್ತು. ದಕ್ಷಿಣದಲ್ಲಿ ಆಗ ಡೆಮಾಕ್ರಟಿಕ್ ಪ್ರೈಮರಿ ಗೆದ್ದವರೇ ಚುನಾವಣೆ ಗೆಲ್ಲುತ್ತಿದ್ದರು. ಪ್ರೈಮರಿಗೆ ಬಿಡದೆ ಚುನಾವಣೆಗೆ ಬಾ ಅಂದರೆ, ಊಟ ಮುಗಿದ ಮೇಲೆ ಪಂಕ್ತಿಗೆ ಕರೆದಂತೆ. 1944ರಲ್ಲಿ ಸುಪ್ರೀಂ ಕೋರ್ಟ್ ಇದು ಆಗದು ಅಂದಿತು. ಆದರೆ ಕೋರ್ಟು ಬಾಗಿಲು ತೆರೆದರೆ ಸಾಲದು, ಒಳಗೆ ಕಾಲಿಡಲು ಬಿಡಬೇಕಲ್ಲ.

ಮಿಸ್ಸಿಸ್ಸಿಪ್ಪಿಯಲ್ಲಿ ಬಿಡಲಿಲ್ಲ. 1960ರ ಸುಮಾರಿಗೆ ಆ ರಾಜ್ಯದ ನೂರು ಜನರಲ್ಲಿ ನಲವತ್ತಕ್ಕಿಂತ ಜಾಸ್ತಿ ಕಪ್ಪುಜನರು. ಅವರಲ್ಲಿ ಓಟಿನ ವಯಸ್ಸು ಬಂದವರ ಪೈಕಿ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಏಳೂ ಇಲ್ಲ. ಹೆಸರು ಸೇರಿಸಬೇಕಾದರೆ ಒಂದು ಪರೀಕ್ಷೆ. ರಾಜ್ಯದ ಸಂವಿಧಾನದ ಒಂದು ಭಾಗವನ್ನು ನಕಲು ಮಾಡಿ ಅದರ ಅರ್ಥ ಬರೆಯಬೇಕು. ಸರಿಯೋ ತಪ್ಪೋ ಹೇಳುವುದು ಬಿಳಿಯ ಗುಮಾಸ್ತ.

ಫ್ಯಾನಿ ಲೂ ಹ್ಯಾಮರ್ ಇಂಥ ಪರೀಕ್ಷೆಗೆ ಕೂತವರು. 20 ಮಕ್ಕಳ ಮನೆಯಲ್ಲಿ ಕೊನೆಯವರು. ರೂಲ್‌ವಿಲ್ ಅನ್ನುವ ಸಣ್ಣ ಊರು, ಬೇರೆಯವರ ಜಮೀನಿನಲ್ಲಿ ಹತ್ತಿ ಬಿಡಿಸುವ ಕೆಲಸ. ನಮಗೂ ಓಟಿನ ಹಕ್ಕಿದೆ ಅಂತ ಅವರಿಗೆ ಗೊತ್ತಾಗಿದ್ದೇ 44ನೇ ವಯಸ್ಸಿನಲ್ಲಿ. 1962ರ ಆಗಸ್ಟ್ 31ರಂದು ಇನ್ನೂ 17 ಜನರ ಜತೆ ಬಸ್ಸಿನಲ್ಲಿ 40 ಕಿಲೋಮೀಟರ್ ದೂರದ ಇಂಡಿಯನೋಲಾಗೆ ಹೋದರು. ಪರೀಕ್ಷೆಯಲ್ಲಿ ಫೇಲು. ವಾಪಸ್ ಬರುವಾಗ ಪೊಲೀಸರು ಬಸ್ ನಿಲ್ಲಿಸಿ, ಬಸ್ಸಿನ ಬಣ್ಣ ಸರಿಯಿಲ್ಲ ಅಂತ ಡ್ರೈವರ್‌ಗೆ ದಂಡ ಹಾಕಿದರು. ಮನೆಗೆ ಬಂದರೆ ಜಮೀನಿನ ಒಡೆಯ ಕಾಯುತ್ತಿದ್ದ. ಅರ್ಜಿ ವಾಪಸ್ ತಗೋ, ಇಲ್ಲವೇ ಜಾಗ ಖಾಲಿ ಮಾಡು. 18 ವರ್ಷ ದುಡಿದ ಜಾಗ. ಆ ರಾತ್ರಿಯೇ ಬಿಟ್ಟು ಹೊರಟರು. ಹತ್ತು ದಿನದ ಮೇಲೆ ಅವರಿಗೆ ಆಸರೆ ಕೊಟ್ಟ ಮನೆಯ ಮೇಲೆ 16 ಗುಂಡು ಹಾರಿದವು. ಮರುವರ್ಷ ಜನವರಿಯಲ್ಲಿ ಮತ್ತೆ ಪರೀಕ್ಷೆಗೆ ಹೋಗಿ ಪಾಸಾದರು. ಜೂನ್‌ನಲ್ಲಿ ಮತದಾರರ ತರಬೇತಿ ಮುಗಿಸಿ ಬರುವಾಗ ವಿನೋನಾ ಅನ್ನುವ ಊರಿನ ಜೈಲಿಗೆ ಹಾಕಿದರು. ಅಲ್ಲಿ ಪೊಲೀಸರು ಬೇರೆ ಕೈದಿಗಳ ಕೈಯಿಂದಲೇ ಅವರನ್ನು ಹೊಡೆಸಿದರು. ಆ ಏಟಿನ ನೋವು ಸಾಯುವತನಕ ಹೋಗಲಿಲ್ಲ.

ಇಲ್ಲಿ ನಮ್ಮ ಅಮ್ಮನ ನೆನಪಾಗುತ್ತೆ, ಹೇಳಿಬಿಡುತ್ತೇನೆ. ಒಂದು ಚುನಾವಣೆಯಲ್ಲಿ ಅಮ್ಮ ಒಳ್ಳೆಯ ಸೀರೆ ಉಟ್ಟು ಬೆಳಗ್ಗೆಯೇ ಮತಗಟ್ಟೆಗೆ ಹೋದರು. ಪಟ್ಟಿಯಲ್ಲಿ ಹೆಸರಿಲ್ಲ ಅಂದರು. ‘ಹೋದ ಸಲ ಹಾಕಿದ್ದೆನಲ್ಲಪ್ಪಾ’ ಅಂತ ಎರಡು ಸಲ ಹೇಳಿದರು. ಹಿಂದೆ ಸಾಲು ಬೆಳೆಯುತ್ತಿತ್ತು, ಪಕ್ಕಕ್ಕೆ ಬಂದರು. ಮನೆಗೆ ಬಂದು ಮಧ್ಯಾಹ್ನದವರೆಗೆ ಯಾರ ಹತ್ತಿರವೂ ಮಾತಾಡಲಿಲ್ಲ. ಅದು ಯಾರೋ ಗಮನವಿಲ್ಲದೆ ಮಾಡಿದ ತಪ್ಪು. ಮುಂದಿನ ಸಲ ಸರಿಹೋಯಿತು. ಅಷ್ಟಕ್ಕೇ ಅಮ್ಮನ ಮುಖ ಹಾಗಾಗಿತ್ತು. ಬೇಕಂತಲೇ, ತಲೆತಲಾಂತರದಿಂದ, ಗುಂಡು ಹಾರಿಸಿ ಹೊರಗಿಟ್ಟರೆ ಹೇಗಿರುತ್ತೆ? ಹ್ಯಾಮರ್ ಬಗ್ಗೆ ಓದುವಾಗೆಲ್ಲ ನನಗೆ ಆ ಸೀರೆ ಕಣ್ಣಿಗೆ ಬರುತ್ತೆ.

1964ರಲ್ಲಿ ಮಿಸ್ಸಿಸ್ಸಿಪ್ಪಿಯ ಕಪ್ಪುಜನರು ಒಂದು ಕೆಲಸ ಮಾಡಿದರು. ಮೊದಲು ಪಕ್ಷದ ಊರಸಭೆಗಳಿಗೆ ಹೋದರು. ಒಳಗೆ ಬಿಡಲಿಲ್ಲ. ಕೆಲವು ಕಡೆ ಸಭೆಯ ಜಾಗವನ್ನೇ ಬದಲಿಸಿಬಿಟ್ಟಿದ್ದರು. ಆಗ ತಾವೇ ಸಭೆ ಮಾಡಿದರು. ಊರಸಭೆ, ಆಮೇಲೆ ಜಿಲ್ಲಾ ಸಭೆ, ಆಮೇಲೆ ಆಗಸ್ಟ್ 6ರಂದು ಜ್ಯಾಕ್ಸನ್‌ನಲ್ಲಿ ರಾಜ್ಯ ಸಭೆ. ನಿಯಮದಲ್ಲಿ ಹೇಗಿದೆಯೋ ಹಾಗೇ, ಎಲ್ಲರಿಗೂ ಬಾಗಿಲು ತೆರೆದು. ಹೆಸರು ಮಿಸ್ಸಿಸ್ಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಕ್ಷ. 68 ಪ್ರತಿನಿಧಿಗಳನ್ನು ಆರಿಸಿದರು. 64 ಕಪ್ಪುಜನರು, 4 ಬಿಳಿಯರು. ಆ ಬೇಸಿಗೆ ಮತದಾರರ ನೋಂದಣಿಗೆ ದುಡಿಯುತ್ತಿದ್ದ ಚೇನಿ, ಗುಡ್‌ಮನ್, ಶ್ವರ್ನರ್ ಅನ್ನುವ ಮೂರು ಹುಡುಗರ ಕೊಲೆ ಆಗಿತ್ತು. ಅವರ ಹೆಣ ಸಿಕ್ಕಿ ಎರಡೇ ದಿನ ಆಗಿತ್ತು, ಈ ಸಭೆ ಸೇರಿದಾಗ.

ಆಗಸ್ಟ್ 22, ಡೆಮಾಕ್ರಟಿಕ್ ಸಮಾವೇಶ ಸೇರಲಿದ್ದ ಅಟ್ಲಾಂಟಿಕ್ ಸಿಟಿ. ಅರ್ಹತಾ ಸಮಿತಿಯ ಮುಂದೆ ಹ್ಯಾಮರ್ ಕೂತರು. ಹೆಸರು ಹೇಳಿದರು, ಊರು ಹೇಳಿದರು. ಬಸ್ಸು, ಒಡೆಯ, 16 ಗುಂಡು, ಜೈಲು, ಎಲ್ಲವನ್ನೂ ಒಂದು ಕಾಗದವನ್ನೂ ನೋಡದೆ ಹೇಳಿದರು. ಎಂಟು ನಿಮಿಷ ಇರಬಹುದು. ನಮಗೆ ಇಲ್ಲಿ ಕುರ್ಚಿ ಇಲ್ಲ ಅಂದರೆ ನಾನು ಅಮೆರಿಕವನ್ನೇ ಪ್ರಶ್ನೆ ಮಾಡುತ್ತೇನೆ ಅಂದರು. ಶ್ವೇತಭವನದಲ್ಲಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಭಯ ಆಯಿತು. ಇವರಿಗೆ ಕುರ್ಚಿ ಕೊಟ್ಟರೆ ದಕ್ಷಿಣದ ಬಿಳಿಯರು ಎದ್ದು ಹೋಗುತ್ತಾರೆ ಅಂತ. ಹ್ಯಾಮರ್ ಮಾತಾಡುತ್ತಿರುವಾಗಲೇ ಜಾನ್ಸನ್ ಪತ್ರಕರ್ತರ ಮುಂದೆ ಬಂದರು. ಟಿವಿಯವರು ಹ್ಯಾಮರ್‌ರನ್ನು ಬಿಟ್ಟು ಆ ಕಡೆ ತಿರುಗಿದರು. ಅಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನೂ ಇರಲಿಲ್ಲ. ರಾತ್ರಿ ವಾರ್ತೆಯಲ್ಲಿ ಟಿವಿಯವರು ಹ್ಯಾಮರ್ ಮಾತನ್ನು ಮತ್ತೆ ಹಾಕಿದರು. ಮಧ್ಯಾಹ್ನ ಕೆಲಸದಲ್ಲಿದ್ದವರೂ ಈಗ ಮನೆಯಲ್ಲಿ ಕೂತು ಕೇಳಿದರು.

ಫ್ರೀಡಂ ಪಕ್ಷದ ವಕೀಲ ಜೋಸೆಫ್ ರೌ ಹತ್ತಿರ ಒಂದು ಲೆಕ್ಕ ಇತ್ತು. ಹನ್ನೊಂದು ಮತ್ತು ಎಂಟು. ಸಮಿತಿಯಲ್ಲಿ 11 ಜನ ಬೇರೆ ಅಭಿಪ್ರಾಯ ಬರೆದುಕೊಟ್ಟರೆ ವಿಷಯ ಇಡೀ ಸಮಾವೇಶದ ಮುಂದೆ ಬರುತ್ತೆ. 8 ರಾಜ್ಯಗಳು ಕೇಳಿದರೆ ಹೆಸರು ಕೂಗಿ ಓಟು ಹಾಕಿಸಬೇಕು. ಎಲ್ಲರ ಎದುರು, ಟಿವಿಯಲ್ಲಿ. ಶುರುವಿನಲ್ಲಿ ಹನ್ನೊಂದು ಜನ ಇದ್ದರು. ಆಮೇಲೆ ಒಬ್ಬೊಬ್ಬರಿಗೇ ಫೋನ್ ಬಂತು. ಒಬ್ಬೊಬ್ಬರೇ ಹಿಂದೆ ಸರಿದರು. ಉಪಾಧ್ಯಕ್ಷ ಸ್ಥಾನ ಬೇಕು ಅಂತಿದ್ದ ಹ್ಯೂಬರ್ಟ್ ಹಂಫ್ರಿ ಈ ಜಗಳ ಬಗೆಹರಿಸಿಕೊಡಬೇಕಿತ್ತು. ಅವರು ತಂದ ಒಪ್ಪಂದ: 68 ಜನರಿಗೆ ಎರಡು ಕುರ್ಚಿ. ಆ ಎರಡರಲ್ಲಿ ಯಾರು ಕೂರಬೇಕು ಅಂತಲೂ ಮೇಲಿನವರೇ ಹೇಳಿದರು. ಆರನ್ ಹೆನ್ರಿ ಮತ್ತು ಎಡ್ ಕಿಂಗ್. ಹ್ಯಾಮರ್ ಅಲ್ಲ. ಹೋಟೆಲ್ ಕೋಣೆಯಲ್ಲಿ ಮಾತುಕತೆ ಇನ್ನೂ ನಡೆಯುತ್ತಿರುವಾಗಲೇ ಒಪ್ಪಂದ ಆಯಿತು ಅಂತ ಟಿವಿಯಲ್ಲಿ ಸುದ್ದಿ ಬಂತು.

ಎರಡು ಕುರ್ಚಿಗಾಗಿ ನಾವು ಇಷ್ಟು ದೂರ ಬಂದಿಲ್ಲ ಅಂದರು ಹ್ಯಾಮರ್. ದೊಡ್ಡ ದೊಡ್ಡ ನಾಯಕರು ಒಪ್ಪಿಕೊಳ್ಳಿ ಅಂತ ಹೇಳಿದರು. 68 ಜನ ಕೂತು ಚರ್ಚೆ ಮಾಡಿ ಬೇಡ ಅಂದರು. ಅವರು ತಪ್ಪು ಮಾಡಿದರು, ಸಿಕ್ಕಿದ್ದನ್ನು ಹಿಡಿಯಬೇಕಿತ್ತು ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆ ಕಳೆದುಕೊಂಡು ಬಂದವರಿಗೆ, ನಿಮ್ಮ ಪರವಾಗಿ ಕೂರುವವರನ್ನು ನಾವೇ ಆರಿಸಿದ್ದೇವೆ ಅಂದರೆ ಏನರ್ಥ? ಅವರು ಕೇಳಲು ಬಂದಿದ್ದು ಆರಿಸುವ ಹಕ್ಕನ್ನು ತಾನೇ?

ಇತ್ತ ಬಿಳಿಯರ ಅಧಿಕೃತ ತಂಡ ಏನು ಮಾಡಿತು? ಪಕ್ಷದ ಅಭ್ಯರ್ಥಿಯನ್ನು ಬೆಂಬಲಿಸುತ್ತೇವೆ ಅಂತ ಒಂದು ಪ್ರಮಾಣಕ್ಕೆ ಸಹಿ ಕೇಳಿದ್ದಕ್ಕೆ, ಬೆರಳೆಣಿಕೆಯಷ್ಟು ಜನ ಬಿಟ್ಟು ಎಲ್ಲರೂ ಎದ್ದು ಹೋದರು. ಮಿಸ್ಸಿಸ್ಸಿಪ್ಪಿ ಕುರ್ಚಿಗಳು ಖಾಲಿ. ಆ ರಾತ್ರಿ ಫ್ರೀಡಂ ಪಕ್ಷದವರು ಬೇರೆ ರಾಜ್ಯದವರ ಪಾಸು ಕೇಳಿ ಪಡೆದು ಒಳಗೆ ಬಂದು ಆ ಕುರ್ಚಿಗಳಲ್ಲಿ ಕೂತರು. ಮರುದಿನ ಬಂದು ನೋಡಿದರೆ ಕುರ್ಚಿಗಳೇ ಇಲ್ಲ. ತೆಗೆಸಿಬಿಟ್ಟಿದ್ದರು. ಅವರು ಆ ಖಾಲಿ ಜಾಗದಲ್ಲಿ ನಿಂತುಕೊಂಡರು.

ಯಾರನ್ನು ಉಳಿಸಿಕೊಳ್ಳಲು ಜಾನ್ಸನ್ ಇಷ್ಟೆಲ್ಲ ಮಾಡಿದರೋ ಅವರು ಉಳಿಯಲಿಲ್ಲ. ನವೆಂಬರ್‌ನಲ್ಲಿ ಜಾನ್ಸನ್ ದೇಶವನ್ನು ಭಾರಿ ಅಂತರದಲ್ಲಿ ಗೆದ್ದರು. ಮಿಸ್ಸಿಸ್ಸಿಪ್ಪಿಯಲ್ಲಿ ಮಾತ್ರ ಎದುರಾಳಿ ಗೋಲ್ಡ್‌ವಾಟರ್‌ಗೆ ಶೇಕಡ 87 ಓಟು ಬಿತ್ತು.

ಆದರೆ ಅಟ್ಲಾಂಟಿಕ್ ಸಿಟಿಯಲ್ಲಿ ಪಕ್ಷ ಒಂದು ಮಾತು ಕೊಟ್ಟಿತ್ತು. ಮುಂದಿನ ಸಲದಿಂದ ಬಣ್ಣ ನೋಡಿ ಹೊರಗಿಟ್ಟ ತಂಡಕ್ಕೆ ಕುರ್ಚಿ ಇಲ್ಲ. 1965ರಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂತು. 1968ರಲ್ಲಿ ಷಿಕಾಗೋ ಸಮಾವೇಶದಲ್ಲಿ ಮಿಸ್ಸಿಸ್ಸಿಪ್ಪಿಯ ಹಳೆಯ ತಂಡವನ್ನು ಹೊರಗಿಟ್ಟು, ಹ್ಯಾಮರ್ ಇದ್ದ ತಂಡಕ್ಕೆ ಜಾಗ ಕೊಟ್ಟರು. ಅವರು ಕುರ್ಚಿಯ ಕಡೆ ನಡೆದುಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದೇ ಸಮಾವೇಶದ ಹೊರಗೆ ಬೀದಿಯಲ್ಲಿ ಪೊಲೀಸರು ಯುದ್ಧವಿರೋಧಿ ಹುಡುಗರನ್ನು ಹೊಡೆಯುತ್ತಿದ್ದರು. ಒಳಗೆ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹಂಫ್ರಿ ಅಭ್ಯರ್ಥಿಯಾದರು. ಆ ಸಿಟ್ಟಿನಿಂದ ಒಂದು ಆಯೋಗ ಹುಟ್ಟಿತು. ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅದರ ಮೊದಲ ಅಧ್ಯಕ್ಷರು. ಪ್ರತಿನಿಧಿಗಳನ್ನು ಮುಚ್ಚಿದ ಕೋಣೆಯಲ್ಲಿ ಆರಿಸುವುದು ನಿಲ್ಲಬೇಕು ಅಂತ ಆಯೋಗ ಹೇಳಿತು. ಇವತ್ತು ನಾವು ನೋಡುವ, ರಾಜ್ಯ ರಾಜ್ಯ ಸುತ್ತುವ ಪ್ರೈಮರಿ ಶುರುವಾದದ್ದು ಅಲ್ಲಿಂದ.

1972ರಲ್ಲಿ ಮಯಾಮಿ ಬೀಚ್‌ನಲ್ಲಿ ಹೊಸ ನಿಯಮದ ಮೊದಲ ಸಮಾವೇಶ. ಪ್ರತಿನಿಧಿಗಳಲ್ಲಿ ಹೆಂಗಸರು 1968ರಲ್ಲಿ ನೂರಕ್ಕೆ 13 ಇದ್ದವರು ಈಗ 40. ಜಗಳ ಮಾತ್ರ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗೆದ್ದವರಿಗೆ ಎಲ್ಲ 271 ಪ್ರತಿನಿಧಿಗಳು ಅನ್ನುವ ನಿಯಮ ಇತ್ತು. ಮೆಕ್‌ಗವರ್ನ್ ಗೆದ್ದರು. ಮತದಾನ ಮುಗಿದ ಮೇಲೆ ಹಂಫ್ರಿ ಮತ್ತು ಇತರರು, ಇದು ಅನ್ಯಾಯ, ಹಂಚಬೇಕು ಅಂದರು. ಅರ್ಹತಾ ಸಮಿತಿ 151 ಕಿತ್ತುಕೊಂಡಿತು. ಸಮಾವೇಶ ವಾಪಸ್ ಕೊಟ್ಟಿತು. ಷಿಕಾಗೋದ ಬಲಿಷ್ಠ ಮೇಯರ್ ಡೇಲಿಯ 59 ಜನರ ತಂಡ ಹೊಸ ನಿಯಮಕ್ಕೆ ಹೊಂದಲಿಲ್ಲ ಅಂತ ಹೊರಗೆ ಹೋಯಿತು. ಆ ಜಾಗಕ್ಕೆ ಜೆಸ್ಸಿ ಜ್ಯಾಕ್ಸನ್ ಅನ್ನುವ ಯುವಕ ಮುಂದಾಳಾಗಿದ್ದ ತಂಡ ಬಂತು. ಡೇಲಿ ಕಡೆಯವರು ಪ್ರೈಮರಿಯಲ್ಲಿ ಜನರಿಂದ ಗೆದ್ದುಬಂದಿದ್ದರು ಅನ್ನುವುದನ್ನೂ ಹೇಳಬೇಕು. ಆದ್ದರಿಂದ ಆ ತೀರ್ಪು ಸರಿಯೇ ಅನ್ನುವುದು ನನಗೆ ಇವತ್ತಿಗೂ ಬಗೆಹರಿಯದ ಪ್ರಶ್ನೆ. 1975ರಲ್ಲಿ ಸುಪ್ರೀಂ ಕೋರ್ಟ್, ಸಮಾವೇಶದಲ್ಲಿ ಯಾರು ಕೂರಬೇಕು ಅನ್ನುವುದನ್ನು ಪಕ್ಷವೇ ತೀರ್ಮಾನಿಸಬಹುದು ಅಂದಿತು. 2008ರಲ್ಲಿ ಆ ಹೋಟೆಲಿನಲ್ಲಿ ಕೂತ ಸಮಿತಿಗೆ ಮಿಷಿಗನ್ ಓಟನ್ನು ಅರ್ಧ ಮಾಡುವ ಧೈರ್ಯ ಬಂದದ್ದು ಇಂಥ ತೀರ್ಪುಗಳಿಂದಲೇ.

ಮಯಾಮಿ ಬೀಚ್‌ನ ಆ ಸಭೆಯಲ್ಲಿ ಹ್ಯಾಮರ್ ಕೂಡ ಪ್ರತಿನಿಧಿ. ಆರೋಗ್ಯ ಆಗಲೇ ಕೆಟ್ಟಿತ್ತು. ಉಪಾಧ್ಯಕ್ಷ ಸ್ಥಾನಕ್ಕೆ ಟೆಕ್ಸಸ್‌ನ ಸಿಸ್ಸಿ ಫ್ಯಾರೆಂಟ್‌ಹೋಲ್ಡ್ ಅನ್ನುವ ಮಹಿಳೆಯ ಹೆಸರು ಬಂದಾಗ ಅನುಮೋದನೆ ಮಾಡಲು ಹ್ಯಾಮರ್ ಎದ್ದರು. ಎಂಟು ವರ್ಷದ ಹಿಂದೆ ಅವರ ಕಾಲ ಕೆಳಗಿನಿಂದ ಕುರ್ಚಿ ತೆಗೆಸಿದ್ದ ಪಕ್ಷದ ಮೈಕಿನ ಮುಂದೆ ನಿಂತು, ಇನ್ನೊಬ್ಬಳು ಹೆಂಗಸಿಗೆ ಕುರ್ಚಿ ಕೊಡಿ ಅಂತ ಕೇಳಿದರು.